ಸಾಬೀತಾಗದ ಅನುಮಾನ: ಸ್ವಾನ್ಸಿಯ ಒಂದು ಪತ್ರಿಕೆ, ಒಂದು ಲಸಿಕೆ

ವೇಲ್ಸ್‌ನ ದಕ್ಷಿಣ ಕರಾವಳಿಯ ಸ್ವಾನ್ಸಿಯಲ್ಲಿ 2012ರ ನವೆಂಬರ್‌ನಲ್ಲಿ ದಡಾರ ಶುರುವಾಯಿತು. 2013ರ ಜುಲೈ ಆರಂಭದಲ್ಲಿ ಅದು ಮುಗಿಯಿತೆಂದು ಘೋಷಿಸುವ ಹೊತ್ತಿಗೆ ಸ್ವಾನ್ಸಿ ಮತ್ತು ಆಸುಪಾಸಿನ ಪ್ರದೇಶಗಳಿಂದ 1,200ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. 88 ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಯಿತು. 25 ವರ್ಷದ ಯುವಕನೊಬ್ಬ ತೀರಿಕೊಂಡ. ಆ ವರ್ಷದ ಏಪ್ರಿಲ್‌ನಲ್ಲಿ ಶನಿವಾರಗಳಂದು ಆಸ್ಪತ್ರೆಗಳಲ್ಲಿ ವಿಶೇಷ ಲಸಿಕಾ ಶಿಬಿರ ತೆರೆದಾಗ ಸಾಲಿನಲ್ಲಿ ತಂದೆತಾಯಿಯ ಜೊತೆ ನಿಂತಿದ್ದವರಲ್ಲಿ ಹದಿಹರೆಯದವರೂ ಬಹಳ ಇದ್ದರು. ಹತ್ತರಿಂದ ಹದಿನೆಂಟರ ನಡುವಿನವರನ್ನೇ ರೋಗ ಹೆಚ್ಚಾಗಿ ಹಿಡಿದಿತ್ತು.

ಸಾಮಾನ್ಯವಾಗಿ ಎಳೆಯ ಮಕ್ಕಳನ್ನು ಕಾಡುವ ದಡಾರ ಹೈಸ್ಕೂಲಿನ ಮಕ್ಕಳನ್ನೇ ಹುಡುಕಿಕೊಂಡು ಬಂದದ್ದೇಕೆ? ಅವರು ಹುಟ್ಟಿದ ವರ್ಷಗಳನ್ನು ಲೆಕ್ಕ ಹಾಕಿದರೆ 1990ರ ದಶಕದ ಕೊನೆಗೂ ಅದರ ನಂತರದ ಕೆಲವು ವರ್ಷಗಳಿಗೂ ಹೋಗಿ ನಿಲ್ಲುತ್ತೇವೆ. ಸುದ್ದಿ ಹೇಗೆ ಜನರ ಮನಸ್ಸಿಗಿಳಿದು ನಿರ್ಧಾರವಾಗಿ ಹೊರಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದು ನನಗೆ ಗೊತ್ತಿಲ್ಲ.

ನಡೆದದ್ದೇನು

ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಾಗಿ ಕೊಡುವ ಎಂಎಂಆರ್ ಲಸಿಕೆ ಬ್ರಿಟನ್ನಿಗೆ ಬಂದದ್ದು 1988ರಲ್ಲಿ. ಮೊದಲ ಡೋಸು ಮಗುವಿಗೆ ವರ್ಷ ತುಂಬಿದ ಸ್ವಲ್ಪ ದಿನಕ್ಕೆ. 1990ರ ದಶಕದ ನಡುವಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಸಿಗುತ್ತಿತ್ತು. ದಡಾರ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. 1998ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಖಚಿತವಾದ ಪ್ರಕರಣಗಳು ಬರೀ 56.

1997ರ ಜುಲೈನಲ್ಲಿ ಸ್ವಾನ್ಸಿಯ ಸಂಜೆ ಪತ್ರಿಕೆ 'ಸೌತ್ ವೇಲ್ಸ್ ಈವ್ನಿಂಗ್ ಪೋಸ್ಟ್' ಒಂದು ಸರಣಿ ಆರಂಭಿಸಿತು. ತಮ್ಮ ಮಕ್ಕಳ ಆಟಿಸಂ ಮತ್ತಿತರ ತೊಂದರೆಗಳಿಗೆ ಈ ಲಸಿಕೆಯೇ ಕಾರಣ ಎಂದು ನಂಬಿದ್ದ ಸ್ಥಳೀಯ ಪೋಷಕರ ಕಥೆಗಳು, ಆರೋಗ್ಯಾಧಿಕಾರಿಗಳ ಸಮಜಾಯಿಷಿ, ಅದಕ್ಕೆ ಪೋಷಕರ ಮರುಪ್ರಶ್ನೆ, ಹೀಗೆ ಅದು 1998ರ ಸೆಪ್ಟೆಂಬರ್‌ವರೆಗೂ ನಡೆಯಿತು. ಮಾಹಿತಿಗಾಗಿ ಪೋಷಕರ ಹೋರಾಟ ಎಂಬ ಅರ್ಥದ ತಲೆಬರಹ ಅದಕ್ಕಿತ್ತು.

ಕಾಲಕ್ರಮವನ್ನು ಇಲ್ಲಿ ಗಮನಿಸಬೇಕು. ಈ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ, ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಕುಖ್ಯಾತ ಪ್ರಬಂಧ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1998ರ ಫೆಬ್ರವರಿ ಕೊನೆಯಲ್ಲಿ. ಅದರಲ್ಲಿದ್ದದ್ದು ಹನ್ನೆರಡು ಮಕ್ಕಳ ವಿವರ. ಎಂಟು ಮಕ್ಕಳ ವಿಷಯದಲ್ಲಿ ತೊಂದರೆ ಲಸಿಕೆಯ ನಂತರ ಶುರುವಾಯಿತೆಂದು ಹೇಳಲಾಗಿತ್ತು. ಲಸಿಕೆಗೂ ಆ ಲಕ್ಷಣಗಳಿಗೂ ಸಂಬಂಧವಿದೆಯೆಂದು ತಾವು ಸಾಬೀತು ಮಾಡಿಲ್ಲ ಎಂದು ಪ್ರಬಂಧವೇ ಒಪ್ಪಿಕೊಂಡಿತ್ತು. ಆದರೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಮೂರೂ ಲಸಿಕೆಗಳನ್ನು ಬೇರೆಬೇರೆಯಾಗಿ ಕೊಡುವುದು ಮೇಲು ಎಂದರು. ದೇಶದ ಪತ್ರಿಕೆಗಳು ಕೈಗೆತ್ತಿಕೊಂಡದ್ದು ಆ ಮಾತನ್ನು. ಸ್ವಾನ್ಸಿಯ ಸರಣಿ ಇದಕ್ಕಿಂತ ಏಳು ತಿಂಗಳು ಮುಂಚಿನದು.

ಮೇಸನ್ ಮತ್ತು ಡೊನೆಲಿ ಎಂಬಿಬ್ಬರು ಸಾರ್ವಜನಿಕ ಆರೋಗ್ಯ ತಜ್ಞರು ಈ ಕಾಲವ್ಯತ್ಯಾಸವನ್ನೇ ಅಧ್ಯಯನಕ್ಕೆ ಬಳಸಿಕೊಂಡರು. 2000ರಲ್ಲಿ ಪ್ರಕಟವಾದ ಅವರ ಚಿಕ್ಕ ಲೇಖನ ಕೇಳಿದ್ದು ಒಂದೇ ಪ್ರಶ್ನೆ: ಆ ಪತ್ರಿಕೆ ಹಂಚಿಕೆಯಾಗುವ ಪ್ರದೇಶದಲ್ಲಿ ಲಸಿಕೆ ಪ್ರಮಾಣ ಎಷ್ಟು ಕುಸಿಯಿತು, ವೇಲ್ಸ್‌ನ ಉಳಿದೆಡೆ ಎಷ್ಟು? ಪತ್ರಿಕೆಯ ಪ್ರದೇಶದಲ್ಲಿ ಕುಸಿತ ಶೇ 13.6. ಉಳಿದೆಡೆ ಶೇ 2.4.

ಲಸಿಕೆ ಒಂದೇ, ಸರ್ಕಾರಿ ಆರೋಗ್ಯ ವ್ಯವಸ್ಥೆ ಒಂದೇ, ಲಂಡನ್ನಿನಿಂದ ಬರುವ ಟಿವಿ ಸುದ್ದಿಯೂ ರಾಷ್ಟ್ರೀಯ ಪತ್ರಿಕೆಗಳೂ ಒಂದೇ. ಮನೆಗೆ ಬರುವ ಸಂಜೆ ಪತ್ರಿಕೆ ಮಾತ್ರ ಬೇರೆ. ಪ್ರದೇಶಕ್ಕೆ ಪ್ರದೇಶ ಹೋಲಿಸುವ ಇಂಥ ಅಧ್ಯಯನ ಯಾವ ಮನೆಯವರು ಏನು ಓದಿದರು ಎಂದು ಹೇಳಲಾರದು. ಅಲ್ಲಿನ ಪೋಷಕರ ಗುಂಪುಗಳು ಪತ್ರಿಕೆಯ ಹೊರಗೂ ಮಾತಾಡುತ್ತಿದ್ದಿರಬಹುದು, ಆ ಮಾತಿನ ಪಾಲೂ ಕುಸಿತದಲ್ಲಿ ಇದ್ದಿರಬಹುದು. ಇದನ್ನೆಲ್ಲ ಕಳೆದರೂ ಎರಡು ಅಂಕಿಗಳ ನಡುವಿನ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ.

ಪೋಷಕರು ಮೂರ್ಖರಾಗಿರಲಿಲ್ಲ

ಈ ಕಥೆ ಹೇಳುವವರು ಬಹಳ ಸಲ ಮಾಡುವ ಅನ್ಯಾಯವೊಂದಿದೆ: ವಿಜ್ಞಾನ ತಿಳಿಯದ ಜನ ಪತ್ರಿಕೆ ನಂಬಿ ಕೆಟ್ಟರು ಎನ್ನುವುದು. 1997ರ ಬ್ರಿಟಿಷ್ ತಾಯಿಯೊಬ್ಬಳ ನೆನಪಿನಲ್ಲಿ ಏನೇನಿತ್ತೆಂದು ನೋಡಿ. 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳ ಕೈಗೆ ಬರ್ಗರ್ ಕೊಟ್ಟು, ಹುಚ್ಚು ಹಸು ರೋಗದಿಂದ ಮನುಷ್ಯರಿಗೇನೂ ಭಯವಿಲ್ಲ ಎಂದಿದ್ದರು. 1996ರ ಮಾರ್ಚ್‌ನಲ್ಲಿ ಅದೇ ಸರ್ಕಾರ ಆ ರೋಗಕ್ಕೂ ಮನುಷ್ಯರ ಮಾರಕ ಮೆದುಳು ಕಾಯಿಲೆಗೂ ನಂಟಿರಬಹುದೆಂದು ಒಪ್ಪಿತು. ಎಂಎಂಆರ್ ವಿಷಯದಲ್ಲೇ 1992ರಲ್ಲಿ ಎರಡು ಬ್ರ್ಯಾಂಡ್‌ಗಳನ್ನು ಹಿಂದಕ್ಕೆ ಪಡೆಯಲಾಗಿತ್ತು, ಯಾಕೆಂದರೆ ಅವುಗಳಲ್ಲಿದ್ದ ಮಂಗನಬಾವಿನ ವೈರಸ್ಸಿನ ಒಂದು ತಳಿ ಅಪರೂಪಕ್ಕೆ ಸೌಮ್ಯ ಸ್ವರೂಪದ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ತರುತ್ತಿತ್ತು. ತೊಂದರೆಯಿದ್ದ ಲಸಿಕೆಯನ್ನು ವ್ಯವಸ್ಥೆ ಗುರುತಿಸಿ ತೆಗೆದುಹಾಕಿತು ಎಂದೂ ಇದನ್ನು ಓದಬಹುದು. ಭಯಗೊಂಡ ಪೋಷಕರು ಹಾಗೆ ಓದಲಿಲ್ಲ.

ಆದ್ದರಿಂದ "ಲಸಿಕೆ ಸುರಕ್ಷಿತ" ಎಂಬ ಅಧಿಕೃತ ಹೇಳಿಕೆ ಬಂದಾಗ ಅದು ಖಾಲಿ ಮನಸ್ಸಿನ ಮೇಲೆ ಬೀಳಲಿಲ್ಲ. ಇದೇ ಧಾಟಿಯ ಭರವಸೆ ಹಿಂದೊಮ್ಮೆ ಹುಸಿಯಾದದ್ದು ಎಲ್ಲರಿಗೂ ನೆನಪಿತ್ತು. ಸುದ್ದಿ ಒಂಟಿಯಾಗಿ ಅಭಿಪ್ರಾಯ ಹುಟ್ಟಿಸುವುದು ಅಪರೂಪ. ಮೊದಲೇ ಸಡಿಲಾದ ನಂಬಿಕೆ ಸಿಕ್ಕಿದರೆ ಅದರ ಕೆಲಸ ಸುಲಭ.

ಒಂದು ಪುಟ ಓದುವಾಗ

ಆ ಕಾಲದ ಇಂಥ ವರದಿಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಮೇಲೆ ಪ್ರಶ್ನಾರ್ಥಕ ತಲೆಬರಹ. ಪಕ್ಕದಲ್ಲಿ ಮಗುವಿನ ಫೋಟೋ, ಅದರ ಹಿಂದೆ ತಾಯಿ. ಮೊದಲ ಮೂರು ನಾಲ್ಕು ಪ್ಯಾರಾ ಆಕೆಯದೇ ಮಾತು: ಮಗು ನಗುತ್ತಿತ್ತು, ಎರಡು ಮೂರು ಪದ ಆಡುತ್ತಿತ್ತು, ಚುಚ್ಚುಮದ್ದಾಯಿತು, ಜ್ವರ ಬಂತು, ಆಮೇಲೆ ಮಾತು ನಿಂತಿತು. ಕೆಳಗೆಲ್ಲೋ ಆರೋಗ್ಯಾಧಿಕಾರಿಯ ಎರಡು ವಾಕ್ಯ: ಸಂಬಂಧವಿದೆ ಎನ್ನಲು ಪುರಾವೆಯಿಲ್ಲ, ಲಸಿಕೆ ಹಾಕಿಸಿ.

ಪುಟದಲ್ಲಿ ಸುಳ್ಳಿಲ್ಲ. ತಾಯಿ ಕಂಡದ್ದನ್ನೇ ಹೇಳಿದ್ದಾಳೆ, ಅಧಿಕಾರಿಯ ಮಾತೂ ಅಚ್ಚಾಗಿದೆ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಮಗುವಿನ ಮುಖ. 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ವಿವರಿಸಿದ್ದು ಇದನ್ನೇ: ಒಂದು ಘಟನೆ ಎಷ್ಟು ಸಲೀಸಾಗಿ ನೆನಪಿಗೆ ಬರುತ್ತದೋ ಅಷ್ಟೇ ಹೆಚ್ಚಾಗಿ ಅದು ಲೋಕದಲ್ಲೂ ನಡೆಯುತ್ತಿದೆಯೆಂದು ಮನಸ್ಸು ಅಂದಾಜಿಸುತ್ತದೆ. ಲಸಿಕೆ ಪಡೆದು ಆರೋಗ್ಯವಾಗಿರುವ ಸಾವಿರಾರು ಮಕ್ಕಳು ಅದೇ ಊರಲ್ಲಿ ಓಡಾಡುತ್ತಿದ್ದರು. ಅವರ ಫೋಟೋ ಹಾಕಲು ಪತ್ರಿಕೆಗೆ ಕಾರಣವೇ ಇರಲಿಲ್ಲ. ಏನೂ ಆಗದಿರುವುದು ಸುದ್ದಿಯಾಗುವುದಿಲ್ಲ. ದಡಾರವೂ ಹಾಗೆಯೇ. ರೋಗವಿಲ್ಲದ ಊರಿನಲ್ಲಿ ದಡಾರದಿಂದ ನ್ಯುಮೋನಿಯಾ ಬಂದ, ಮೆದುಳಿಗೆ ಬಾವು ಹತ್ತಿದ ಮಗುವನ್ನು ತೋರಿಸಲು ಯಾರೂ ಸಿಗುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಹೆಸರು, ವಯಸ್ಸು, ಅಳು ಎಲ್ಲವೂ ಇರುವ ಮಗು; ಇನ್ನೊಂದರಲ್ಲಿ ಬರೀ ಅಂಕಿಸಂಖ್ಯೆ.

ತಾಯಿಯ ಮಾತಿನೊಳಗೆ ಇನ್ನೊಂದು ವಿಷಯ ಅಡಗಿದೆ. ಲಸಿಕೆ ಕೊಡುವುದು ಹನ್ನೆರಡರಿಂದ ಹದಿನೈದು ತಿಂಗಳಲ್ಲಿ. ಮಾತು ತಡವಾಗುವುದು, ಹೆಸರು ಕರೆದರೆ ತಿರುಗದಿರುವುದು ಮುಂತಾದ ಆಟಿಸಂ ಲಕ್ಷಣಗಳು ತಂದೆತಾಯಿಯ ಕಣ್ಣಿಗೆ ಬೀಳುವುದೂ ಸುಮಾರಾಗಿ ಜೀವನದ ಎರಡನೇ ವರ್ಷದಲ್ಲೇ. ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. ಒಂದು ಲಕ್ಷ ಮಕ್ಕಳಲ್ಲಿ 600 ಮಕ್ಕಳ ಲಕ್ಷಣಗಳು ಎರಡನೇ ವರ್ಷದಲ್ಲಿ ಗಮನಕ್ಕೆ ಬರುತ್ತವೆ, ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಹೋಗುತ್ತವೆ ಎಂದಿಟ್ಟುಕೊಳ್ಳಿ. ಆಗ ತಿಂಗಳಿಗೆ 50 ಮಕ್ಕಳಾದರು. ಲಸಿಕೆ ನೀರಿನಷ್ಟೇ ನಿರುಪದ್ರವಿಯಾಗಿದ್ದರೂ ಲಸಿಕೆಯಾದ ಒಂದೇ ತಿಂಗಳೊಳಗೆ ಮಗು ಬದಲಾಯಿತೆಂದು ಪ್ರಾಮಾಣಿಕವಾಗಿ ಹೇಳುವ 50 ಕುಟುಂಬಗಳು ಸಿಗುತ್ತವೆ. ಅವರಲ್ಲಿ ಇಬ್ಬರು ಪತ್ರಿಕೆಯ ಕಚೇರಿಗೆ ಬಂದರೆ ಸಾಕು. ಒಂದಾದ ಮೇಲೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದುಕೊಳ್ಳುವುದು ಮನುಷ್ಯರ ಹಳೆಯ ಅಭ್ಯಾಸ. ಬಹುಪಾಲು ಸಂದರ್ಭಗಳಲ್ಲಿ ಉಪಯೋಗಕ್ಕೆ ಬರುವ ಅಭ್ಯಾಸವೂ ಹೌದು.

ಈ ಭೇದವನ್ನು ಬಿಡಿಸಬಲ್ಲದ್ದು ದೊಡ್ಡ ಸಂಖ್ಯೆಯ ಅಧ್ಯಯನ ಮಾತ್ರ. 2002ರಲ್ಲಿ ಡೆನ್ಮಾರ್ಕ್‌ನ 5,37,303 ಮಕ್ಕಳನ್ನು ಆಧರಿಸಿದ ಅಧ್ಯಯನ ಬಂತು. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಸ್ವಾನ್ಸಿಯ ಓದುಗರು ನಿರ್ಧಾರ ಮಾಡಿ ಆಗಲೇ ನಾಲ್ಕೈದು ವರ್ಷವಾಗಿತ್ತು.

ಅನುಮಾನ ಮಾಡಿದ ಕೆಲಸ

ನನ್ನ ವಾದದ ತಿರುಳು ಇಲ್ಲಿದೆ. ಸ್ವಾನ್ಸಿಯ ಪೋಷಕರಲ್ಲಿ ಹೆಚ್ಚಿನವರು ಲಸಿಕೆಯಿಂದ ಆಟಿಸಂ ಬರುತ್ತದೆಂದು ನಂಬಿಬಿಟ್ಟರು ಎಂದು ನನಗನ್ನಿಸುವುದಿಲ್ಲ. ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದು ಅವರು ನಂಬಿದರು. ಲಸಿಕೆ ಹಾಕಿಸದಿರಲು ಅಷ್ಟು ಸಾಕಾಗಿತ್ತು.

ಇಲನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಅರ್ಥ ಮಾಡಿಸುತ್ತವೆ. ಒಂದು ಕಾಯಿಲೆ ಇಷ್ಟು ಮಕ್ಕಳನ್ನು ಕೊಲ್ಲುತ್ತದೆ, ಲಸಿಕೆ ಅದಕ್ಕಿಂತ ಕಡಿಮೆ ಮಕ್ಕಳನ್ನು ಕೊಲ್ಲುತ್ತದೆ ಎಂದು ಕಲ್ಪಿಸಿಕೊಳ್ಳಿ ಎಂದಾಗ, ಲೆಕ್ಕ ಲಸಿಕೆಯ ಪರವಾಗಿದ್ದರೂ ಅನೇಕರು ಬೇಡವೆಂದರು. ತನ್ನ ಕೈಯಾರೆ ಮಾಡಿದ ಕೆಲಸದಿಂದ ಆಗುವ ಹಾನಿ, ಸುಮ್ಮನಿದ್ದದ್ದರಿಂದ ಆಗುವ ಹಾನಿಗಿಂತ ಮನಸ್ಸಿಗೆ ಭಾರ. "ನಾನೇ ಕರೆದುಕೊಂಡು ಹೋಗಿ ಚುಚ್ಚಿಸಿದೆ" ಎಂಬ ಮಾತನ್ನು ಜೀವನವಿಡೀ ಹೊರಬೇಕಾದೀತು ಎಂಬ ಕಲ್ಪನೆಯೇ ಪೋಷಕರನ್ನು ಹಿಂದಕ್ಕೆ ಎಳೆಯುತ್ತದೆ. ಹೀಗಿರುವಾಗ ಅನುಮಾನ ಹುಟ್ಟಿಸಿದ ಸುದ್ದಿಗೆ ಯಾರನ್ನೂ ಮನವೊಲಿಸುವ ಅಗತ್ಯವಿರಲಿಲ್ಲ. ಲಸಿಕೆಯ ಪರವಾಗಿರುವವರು "ಸುರಕ್ಷಿತ" ಎಂದು ಸಾಬೀತು ಮಾಡಬೇಕಿತ್ತು. ಅನುಮಾನ ಪಡುವವರಿಗೆ "ಇನ್ನೂ ಗೊತ್ತಿಲ್ಲ" ಎಂದರೆ ಮುಗಿಯಿತು. ಮುಂದಿನ ತಿಂಗಳು ನೋಡೋಣ, ಇನ್ನಷ್ಟು ಮಾಹಿತಿ ಬರಲಿ ಎಂದು ಕಾಯುವುದು ಜವಾಬ್ದಾರಿಯ ನಡೆಯಂತೆ ಕಾಣುತ್ತಿತ್ತು. ಹೀಗೆ ಮುಂದೂಡಿದ ಎಷ್ಟೋ ಮಕ್ಕಳು ಲಸಿಕೆಯಿಲ್ಲದೆಯೇ ಬೆಳೆದರು.

ಇದಕ್ಕೆ ಪತ್ರಿಕೋದ್ಯಮದ ಒಳ್ಳೆಯ ಗುಣವೆಂದೇ ಕರೆಸಿಕೊಳ್ಳುವ ಅಭ್ಯಾಸವೊಂದು ನೆರವಾಯಿತು: ಎರಡೂ ಕಡೆಯವರ ಮಾತಿಗೆ ಸಮಾನ ಜಾಗ. ರಾಜಕೀಯ ವರದಿಯಲ್ಲಿ ಇದು ನ್ಯಾಯ. ಪುರಾವೆಯ ಭಾರ ಒಂದೇ ಕಡೆಗಿರುವಾಗ ಸಮಾನ ಜಾಗವೇ ತಪ್ಪು ಸಂದೇಶವಾಗುತ್ತದೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ, ಎಂಎಂಆರ್ ಸುದ್ದಿ ದೇಶವ್ಯಾಪಿಯಾಗಿ ತುತ್ತತುದಿಯಲ್ಲಿದ್ದಾಗ, ಜನರನ್ನು ಕೇಳಿ ನೋಡಿದರು. ಎರಡೂ ಕಡೆಗೆ ಮಾಧ್ಯಮದಲ್ಲಿ ಸಮಾನ ಜಾಗ ಸಿಕ್ಕಿದ್ದರಿಂದ ಪುರಾವೆಯೂ ಸಮಾನವಾಗಿಯೇ ಇರಬೇಕೆಂದು ಭಾವಿಸಿದ್ದವರು ಶೇ 53. ಪುರಾವೆಯ ಬಹುಭಾಗ ಲಸಿಕೆಯ ಪರವಾಗಿದೆಯೆಂದು ತಿಳಿದಿದ್ದವರು ಶೇ 23 ಮಾತ್ರ. ಯಾವ ವರದಿಗಾರನೂ "ಪುರಾವೆ ಸಮ ಸಮ ಇದೆ" ಎಂದು ಬರೆದಿರಬೇಕಾಗಿಲ್ಲ. ಪುಟದ ವಿನ್ಯಾಸ ನೋಡಿ ಓದುಗರೇ ಆ ತೀರ್ಮಾನಕ್ಕೆ ಬಂದರು.

ಆ ಹೊತ್ತಿನ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಪ್ರಧಾನಿ ಟೋನಿ ಬ್ಲೇರ್ ತಮ್ಮ ಕಿರಿಯ ಮಗುವಿಗೆ ಎಂಎಂಆರ್ ಹಾಕಿಸಿದ್ದಾರೆಯೇ ಎಂಬ ಪ್ರಶ್ನೆಗೆ 2001ರ ಡಿಸೆಂಬರ್‌ನಲ್ಲಿ ಖಾಸಗಿತನದ ಕಾರಣ ಕೊಟ್ಟು ಉತ್ತರಿಸಲಿಲ್ಲ. ಮುಂದಿನ ತಿಂಗಳುಗಳ ಎಂಎಂಆರ್ ವರದಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ಮಗುವಿನ ಪ್ರಸ್ತಾಪ ಮಾಡಿದವು. ವೇಕ್‌ಫೀಲ್ಡ್ ಹೆಸರು ಬಂದದ್ದೂ ಅದಕ್ಕಿಂತ ಕಡಿಮೆ. ಮ್ಯಾಕ್ಸ್‌ವೆಲ್ ಮೆಕೋಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಮೆರಿಕದ ಚುನಾವಣೆಯಲ್ಲಿ ಗುರುತಿಸಿ 1972ರಲ್ಲಿ ಪ್ರಕಟಿಸಿದ ಕಾರ್ಯಸೂಚಿ ಸಿದ್ಧಾಂತ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಮಾಧ್ಯಮ ಯಾವುದಕ್ಕೆ ಒತ್ತು ಕೊಡುತ್ತದೋ ಜನ ಅದನ್ನೇ ಮುಖ್ಯವೆಂದು ಎಣಿಸುತ್ತಾರೆ. ದಿನವೂ "ಲಸಿಕೆ ಸುರಕ್ಷಿತವೇ?" ಎಂದು ಕೇಳಿಸಿಕೊಂಡವರಿಗೆ "ದಡಾರ ಬಂದರೆ ಏನಾಗುತ್ತದೆ?" ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ.

ಸ್ವಾನ್ಸಿಯಲ್ಲಿ ಇದರ ಮೇಲೆ ಹತ್ತಿರದ ಬಲವೂ ಸೇರಿತ್ತು. ಸ್ಥಳೀಯ ಪತ್ರಿಕೆಯಲ್ಲಿ ಬರುವ ತಾಯಿ ಪಕ್ಕದ ಬೀದಿಯವಳು, ಪರಿಚಯದವರ ಪರಿಚಯದವಳು. ಎಲಿಹು ಕಾಟ್ಸ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲೇ ಹೇಳಿದಂತೆ ಸುದ್ದಿ ನೇರವಾಗಿ ಪ್ರತಿಯೊಬ್ಬರ ತಲೆಗೂ ಹೋಗುವುದಿಲ್ಲ. ಓದಿದವರು ಇತರರಿಗೆ ಹೇಳುತ್ತಾರೆ, ಕೇಳಿದವರು ಹೇಳಿದವರನ್ನು ನಂಬುತ್ತಾರೆ. ಹಾಗಾಗಿ ಪತ್ರಿಕೆ ಕೊಳ್ಳದ ಮನೆಯಲ್ಲೂ ಅದರ ಪರಿಣಾಮ ಇದ್ದಿರಬೇಕು. ಶೇ 13.6ರಲ್ಲಿ ಎಷ್ಟು ಪಾಲು ಓದಿದವರದು, ಎಷ್ಟು ಕೇಳಿದವರದು ಎಂದು ಬೇರ್ಪಡಿಸುವ ದಾರಿಯಿಲ್ಲ.

ಸುದ್ದಿ ತಿದ್ದಿಕೊಂಡಿತು, ಮನಸ್ಸು ತಿದ್ದಿಕೊಳ್ಳಲಿಲ್ಲ

2004ರ ಫೆಬ್ರವರಿಯಲ್ಲಿ 'ಸಂಡೇ ಟೈಮ್ಸ್'ನಲ್ಲಿ ಬ್ರಯಾನ್ ಡೀರ್ ಅವರ ತನಿಖಾ ವರದಿ ಬಂತು. ಲಸಿಕೆ ತಯಾರಕರ ಮೇಲೆ ಮೊಕದ್ದಮೆ ಹೂಡುತ್ತಿದ್ದ ವಕೀಲರ ಮೂಲಕ ವೇಕ್‌ಫೀಲ್ಡ್‌ಗೆ ಹಣ ಸಂದಿತ್ತು, ಅದನ್ನವರು ಮುಚ್ಚಿಟ್ಟಿದ್ದರು. ಮುಂದಿನ ತಿಂಗಳು ಹತ್ತು ಸಹಲೇಖಕರು ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು. 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಅದೇ ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. ತನಿಖೆ ಮಾಡಿ ಸತ್ಯ ಹೊರಗೆಳೆದದ್ದೂ ಪತ್ರಿಕೋದ್ಯಮವೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಆದರೆ ತಿದ್ದುಪಡಿ ಮೂಲ ಸುದ್ದಿಯಷ್ಟು ಆಳಕ್ಕೆ ಇಳಿಯುವುದಿಲ್ಲ. ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ 1994ರ ಪ್ರಯೋಗದಲ್ಲಿ ಇದನ್ನು ತೋರಿಸಿದ್ದರು. ಒಂದು ಮಾಹಿತಿ ತಪ್ಪೆಂದು ಹೇಳಿದ ಮೇಲೂ, ಆ ತಿದ್ದುಪಡಿಯನ್ನು ನೆನಪಿಟ್ಟುಕೊಂಡವರೂ ಕೂಡ, ಕಾರಣ ವಿವರಿಸುವಾಗ ಹಳೆಯ ಮಾಹಿತಿಯನ್ನೇ ಬಳಸುತ್ತಿದ್ದರು. ಮನಸ್ಸಿನಲ್ಲಿ ಕಟ್ಟಿಕೊಂಡ ಕಥೆಯಿಂದ ಒಂದು ಕೊಂಡಿ ಕಿತ್ತರೆ ಆ ಜಾಗಕ್ಕೆ ಬೇರೆ ಕೊಂಡಿ ಬೇಕು. "ಲಸಿಕೆ ಕಾರಣವಲ್ಲ" ಎಂದಾಗ "ಹಾಗಾದರೆ ನನ್ನ ಮಗುವಿಗೇಕೆ ಹೀಗಾಯಿತು?" ಎಂಬ ತಾಯಿಯ ಪ್ರಶ್ನೆಗೆ ವೈದ್ಯರ ಬಳಿ ಅಷ್ಟೇ ಸರಳವಾದ, ಅಷ್ಟೇ ನಿಖರವಾದ ಉತ್ತರವಿರಲಿಲ್ಲ.

ದಡಾರದ ಸ್ವಭಾವ ಉಳಿದ ಕೆಲಸ ಮಾಡಿತು. ಪ್ರತಿರೋಧವಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡಬಲ್ಲ ರೋಗವಿದು. ತಡೆಯಲು ಸುಮಾರು ಶೇ 95ರಷ್ಟು ಜನರಲ್ಲಿ ಪ್ರತಿರೋಧ ಬೇಕು. ತಪ್ಪಿಸಿಕೊಂಡ ಮಕ್ಕಳು ವರ್ಷವರ್ಷವೂ ಜಮೆಯಾಗುತ್ತ, ಒಟ್ಟಿಗೆ ದೊಡ್ಡವರಾಗುತ್ತ, ಒಂದೇ ಶಾಲೆಗಳಿಗೆ ಹೋಗುತ್ತ ಇದ್ದರು. 1998ರಲ್ಲಿ ಲಸಿಕೆ ಬಿಟ್ಟವರಿಗೆ 1999ರಲ್ಲಿ ಏನೂ ಆಗಲಿಲ್ಲ. ತಮ್ಮ ನಿರ್ಧಾರ ಸರಿಯೆಂಬುದಕ್ಕೆ ಅದೇ ಅವರಿಗೆ ಪುರಾವೆ. ಶಿಕ್ಷೆ ಹದಿನೈದು ವರ್ಷ ತಡವಾಗಿ ಬಂದರೆ ಅನುಭವ ಯಾರಿಗೂ ಪಾಠ ಕಲಿಸಲಾರದು.

2013ರಲ್ಲಿ ರೋಗ ಹರಡಿದಾಗ ವೇಲ್ಸ್‌ನಾದ್ಯಂತ 70 ಸಾವಿರಕ್ಕೂ ಹೆಚ್ಚು ಹೆಚ್ಚುವರಿ ಡೋಸುಗಳನ್ನು ಕೊಡಲಾಯಿತು. ಅಂದರೆ ಅಷ್ಟು ವರ್ಷ ಅಭಿಪ್ರಾಯ ಬದಲಿಸದವರು ಕೆಲವೇ ವಾರಗಳಲ್ಲಿ ಬದಲಿಸಿದರು. ಹೊಸ ಅಧ್ಯಯನವೇನೂ ಬಂದಿರಲಿಲ್ಲ. ಈ ಸಲ ಮುಖವಿದ್ದದ್ದು ದಡಾರಕ್ಕೆ.

ಆ ಏಪ್ರಿಲ್‌ನಲ್ಲೇ 'ದಿ ಇಂಡಿಪೆಂಡೆಂಟ್' ಪತ್ರಿಕೆ, ಈ ರೋಗ ಹರಡಿದ್ದೇ ತಾನು ಸರಿಯೆಂಬುದಕ್ಕೆ ಸಾಕ್ಷಿ ಎಂಬ ವೇಕ್‌ಫೀಲ್ಡ್ ಮಾತನ್ನು ಮುಖಪುಟದ ತಲೆಬರಹ ಮಾಡಿತು. ಅದನ್ನು ಅಲ್ಲಗಳೆಯುವ ವಿಜ್ಞಾನಿಗಳ ಮಾತು ಸುದ್ದಿಯ ಒಡಲಿನಲ್ಲಿತ್ತು, ಪತ್ರಿಕೆಗೆ ಟೀಕೆಯೂ ಬಂತು. ಮರುವರ್ಷ ಉಲ್ರಿಕ್ ಎಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಇಂಥ ಜೋಡಣೆಯ ಅಪಾಯ ತೋರಿಸಿದವು: ತಲೆಬರಹ ಒಂದು ದಿಕ್ಕಿಗೆ ಎಳೆದರೆ, ಓದುಗರು ಪೂರ್ತಿ ವರದಿ ಓದಿದ ಮೇಲೂ ಅವರ ನೆನಪು ಮತ್ತು ತೀರ್ಮಾನ ಆ ದಿಕ್ಕಿಗೇ ವಾಲುತ್ತವೆ.

ಏನು ಮಾಡಬಹುದಿತ್ತು

ಆ ಪೋಷಕರ ಕಥೆಯನ್ನು ಪ್ರಕಟಿಸಲೇಬಾರದಿತ್ತು ಎನ್ನುವವರ ಪಕ್ಷಕ್ಕೆ ನಾನು ಸೇರುವುದಿಲ್ಲ. ಮಗುವಿನ ಕಷ್ಟ ಹೇಳಿಕೊಂಡು ಬಂದ ತಾಯಿಯನ್ನು ಬಾಗಿಲಿನಿಂದಲೇ ಕಳುಹಿಸಿದ್ದರೆ ಅನುಮಾನ ಇನ್ನಷ್ಟು ಬೆಳೆಯುತ್ತಿತ್ತು. ಪ್ರಶ್ನೆಯಿರುವುದು ಆ ಕಥೆಯ ಪಕ್ಕದಲ್ಲಿ ಏನಿರಬೇಕಿತ್ತು ಎಂಬುದರಲ್ಲಿ. ಗ್ರಹಾಂ ಡಿಕ್ಸನ್ ಮತ್ತು ಕ್ರಿಸ್ಟೋಫರ್ ಕ್ಲಾರ್ಕ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಲಸಿಕೆ ಮತ್ತು ಆಟಿಸಂ ವಿವಾದವನ್ನು ಬಳಸಿಕೊಂಡಿತು. ಎರಡೂ ಕಡೆಯನ್ನು ಸಮವಾಗಿ ತೋರಿಸಿದ ವರದಿ ಓದಿದವರಲ್ಲಿ ಲಸಿಕೆಯ ಬಗ್ಗೆ ಅನಿಶ್ಚಿತತೆ ಹೆಚ್ಚಿತು, ತಜ್ಞರಲ್ಲೇ ಒಡಕಿದೆ ಎಂಬ ಭಾವನೆ ಬಂತು. ಸಮ ಸಮವಾಗಿ ಬರೆದರೂ ಪುರಾವೆಯ ತೂಕ ಎತ್ತ ಇದೆಯೆಂದು ಬಿಡಿಸಿ ಹೇಳುವುದು ಆ ಹಾನಿಯನ್ನು ತಗ್ಗಿಸುವ ದಾರಿ ಎಂದು ಈ ಕ್ಷೇತ್ರದವರು ಅಂದಿನಿಂದ ವಾದಿಸುತ್ತ ಬಂದಿದ್ದಾರೆ. ಬಿಬಿಸಿಯ ಆಡಳಿತ ಮಂಡಳಿ 2011ರಲ್ಲಿ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ಅವರಿಂದ ಮಾಡಿಸಿದ ಪರಿಶೀಲನೆಯೂ ಹುಸಿ ಸಮತೋಲನದ ಈ ತೊಂದರೆಯತ್ತಲೇ ಬೆರಳು ಮಾಡಿತ್ತು.

ಪುರಾವೆಯ ತೂಕ ಎತ್ತ ಇದೆಯೆಂದು ಹೇಳುವ ಅಂಥ ಒಂದು ವಾಕ್ಯ ಸ್ವಾನ್ಸಿಯಲ್ಲಿ ಸಾಕಾಗುತ್ತಿತ್ತೇ ಎಂಬುದು ಬೇರೆ ಮಾತು. ಪ್ರಯೋಗದಲ್ಲಿ ಕುಳಿತವರು ಓದಿದ್ದು ತಮಗೆ ಗೊತ್ತಿಲ್ಲದ ಜನರ ಬಗ್ಗೆ, ಒಂದೇ ಒಂದು ವರದಿ. ಈವ್ನಿಂಗ್ ಪೋಸ್ಟ್‌ನ ಓದುಗರು ಓದಿದ್ದು ಒಂದು ವರ್ಷಕ್ಕೂ ಮಿಕ್ಕಿದ ಸರಣಿ, ಅದೂ ತಮ್ಮೂರಿನವರದೇ ಕಥೆ, ಹುಚ್ಚು ಹಸು ರೋಗದ ಭರವಸೆ ಹುಸಿಯಾದ ಮರುವರ್ಷವೇ.